ಎಡಗೈ ಹೆಬ್ಬೆರಳಿನ ಅಳತೆ

ನರ್ಸಿಂಗ್ ಶಾಲೆಯಲ್ಲಿ ಎಲ್ಲರಿಗೂ ಅವಳು ಕೀಲಕ್ಕ. ಪಾಠಕ್ಕೆ ಬೇಕಾದ ಮೈಕೀಲುಗಳ ಮಾದರಿಯನ್ನು ಮರ, ರಬ್ಬರಿನಲ್ಲಿ ಮಾಡಿಕೊಡುವುದು ಅವಳ ಹಂಗಾಮಿ ಕೆಲಸ. ಅಳತೆ ಪುಸ್ತಕದಲ್ಲಿ ಸಿಗುವುದಿಲ್ಲ, ಮೈಮೇಲೆಯೇ ಸಿಗಬೇಕು ಎಂಬುದು ಅವಳ ಪಟ್ಟು. ಮಗಳಿಗೆ ಚಡ್ಡಿ ಹಾಕುವಾಗ ಪುಟ್ಟ ಕಾಲನ್ನು ಮೆಲ್ಲಗೆ ಸುತ್ತ ಆಡಿಸಿ ನೋಡಿಯೇ ಸೊಂಟದ ಕೀಲಿಗೆ ಬಟ್ಟಲನ್ನೂ ಅದರೊಳಗೆ ಹೊರಳುವ ಗುಂಡನ್ನೂ ಕಡೆದಿದ್ದಳು. ಬಾಗಿಲಿನ ಹಾಗೆ ಒಂದೇ ಕಡೆ ಮಡಚುವ ಮೊಣಕೈ, ಲೋಟ ಎತ್ತುವ ಗಂಡನದು. ಗೂಟದ ಸುತ್ತ ಬಳೆಯಂತೆ ತಿರುಗುವ ಕತ್ತು, ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ತಿರುತಿರುಗಿ ನೋಡುವ ಪಕ್ಕದ ಮನೆಯಾಕೆಯಿಂದ ಪುಕ್ಕಟೆ ಸಿಕ್ಕಿದ್ದು.

ಸತಾಯಿಸಿದ್ದು ಹೆಬ್ಬೆರಳು. ಅದರ ಬುಡದಲ್ಲಿ ಒಂದು ಮೂಳೆಯ ಮೇಲೆ ಇನ್ನೊಂದು, ಕುದುರೆಯ ಮೇಲೆ ಜೀನು ಕೂತಂತೆ ಕೂರುತ್ತದೆ. ಅದಕ್ಕೇ ಅದು ಹಿಂದೆ ಮುಂದೆಯೂ ಆಡುತ್ತದೆ, ಅಡ್ಡಡ್ಡಲೂ ಆಡುತ್ತದೆ, ಉಳಿದ ಬೆರಳುಗಳನ್ನು ಮುಟ್ಟಿ ಬರುತ್ತದೆ. ಬಲಗೈಯಲ್ಲಿ ಉಳಿ ಹಿಡಿದಿದ್ದರಿಂದ, ಎಡಗೈಯನ್ನೇ ಕಣ್ಣೆದುರು ಇಟ್ಟುಕೊಂಡು ಮೂರು ವಾರ ಕೆತ್ತಿದಳು.

ಅಷ್ಟರಲ್ಲಿ ಆ ಕೆಲಸಕ್ಕೆ ಕಾಯಂ ಹುದ್ದೆ ಬಂತು. ಮಾದರಿಗಳಿಗೆ ಬಣ್ಣ ಹಚ್ಚಿಕೊಡುತ್ತಿದ್ದ ತಮ್ಮನಿಗೆ ಅರ್ಜಿ, ಅರ್ಜಿಯ ಭಾಷೆ ಎರಡೂ ಚೆನ್ನಾಗಿ ಗೊತ್ತು. ನೀನು ಮಗು ನೋಡ್ಕೊ ಅಕ್ಕ, ನಿನ್ನ ಅರ್ಜಿ ನಾನೇ ಬರೆದು ಕೊಡ್ತೀನಿ ಅಂದ. ಸದ್ಯ, ಒಂದು ತಲೆನೋವು ಕಳೆಯಿತು ಎಂದುಕೊಂಡಳು. ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಅವನನ್ನು ನಂಬದೆ ಇನ್ಯಾರನ್ನು ನಂಬುವುದು?

ಹುದ್ದೆಯ ಆಯ್ಕೆಗೆ ಮಾದರಿಗಳನ್ನು ತೋರಿಸುವ ದಿನ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಹೋದಳು. ಮೇಜಿನ ಮೇಲೆ ಅವಳ ಕೀಲುಗಳ ಸಾಲು. ಹಿಂದೆ ಇಸ್ತ್ರಿ ಅಂಗಿ ತೊಟ್ಟ ತಮ್ಮ. ಮಾದರಿಗಳ ಮುಂದಿಟ್ಟ ಚೀಟಿಯಲ್ಲಿ ಅವನೊಬ್ಬನದೇ ಹೆಸರು. ಬರೆಯುವಾಗ ತಪ್ಪಾಗಿರಬೇಕು ಎಂದೇ ಅವಳು ಮೊದಲು ತಿಳಿದದ್ದು. ಅವನು ಸೊಂಟದ ಕೀಲು ತಿರುಗಿಸುತ್ತಾ, ಇದನ್ನು ಹೀಗೆ ಯೋಚಿಸಿ ಮಾಡಿದೆ ಎಂದು ಹೇಳತೊಡಗಿದಾಗ ಅದು ತಪ್ಪಲ್ಲವೆಂದು ತಿಳಿಯಿತು.

ಆಯ್ಕೆಗೆಂದು ಬೇರೆ ಊರಿನಿಂದ ಬಂದಿದ್ದ ಪಾಠದ ಮೇಡಂ ಹೆಬ್ಬೆರಳನ್ನು ಆಡಿಸಿದರು. ಮತ್ತೆ ಆಡಿಸಿದರು.

"ಇದು ಕಿರುಬೆರಳಿನ ತನಕ ಹೋಗ್ತಾ ಇಲ್ವಲ್ಲ, ಯಾಕೆ?"

ತಮ್ಮ ತಾನೂ ಒಮ್ಮೆ ಆಡಿಸಿ ನೋಡಿದ. ಆಮೇಲೆ ಹೇಳಿದ: "ಅದೊಂದು ಮಾತ್ರ ನಮ್ಮಕ್ಕ ಮಾಡಿದ್ದು ಮೇಡಂ. ತಪ್ಪಾಗಿದೆ. ನಾನು ಸರಿ ಮಾಡ್ತೀನಿ."

ಅಷ್ಟು ಹೊತ್ತಿನಲ್ಲಿ ಅಕ್ಕ ಎಂಬ ಮಾತು ಅವನ ಬಾಯಿಂದ ಬಂದದ್ದು ಅದೊಂದೇ ಸಲ.

ಅವಳು ಮಗುವನ್ನು ಬಲಕ್ಕೆ ಬದಲಿಸಿಕೊಂಡು ಮೇಜಿನ ಹತ್ತಿರ ಬಂದಳು. ಎಡಗೈಯನ್ನು ಮರದ ಕೈಯ ಪಕ್ಕದಲ್ಲಿಟ್ಟು ಹೆಬ್ಬೆರಳು ಬಾಗಿಸಿದಳು. ಎರಡೂ ಉಂಗುರದ ಬೆರಳ ಹತ್ತಿರ, ಒಂದೇ ಜಾಗದಲ್ಲಿ ನಿಂತವು. ತಮ್ಮ ಐದು ವರ್ಷದವನಿದ್ದಾಗ ಆಟಕ್ಕೆ ದಡಾರನೆ ಬಾಗಿಲು ಹಾಕಿ ಜಜ್ಜಿದ ಬೆರಳು ಅದು. ಏಟು ಬಿದ್ದೀತೆಂದು ಅವನು ನಡುಗುವಾಗ, ನಾನೇ ಹಾಕ್ಕೊಂಡೆ ಎಂದು ಅಮ್ಮನಿಗೆ ಸುಳ್ಳು ಹೇಳಿದ್ದಳು. ಅದು ಸೊಟ್ಟ ಎಂಬುದೇ ಅವಳಿಗೆ ಮರೆತುಹೋಗಿತ್ತು.

"ಅಳತೆ ನಂದು ಮೇಡಂ," ಅಂದಳು, ಅಷ್ಟೆ. ತಮ್ಮ ಕಿಟಕಿಯ ಕಡೆ ನೋಡುತ್ತಿದ್ದ.

ಮೇಡಂಗೆ ಎಲ್ಲವೂ ಅರ್ಥವಾಯಿತು. ಆದರೆ ಬಂದಿದ್ದ ಅರ್ಜಿ ತಮ್ಮನದೊಂದೇ, ಕೊನೆಯ ದಿನವೂ ದಾಟಿತ್ತು. ಹುದ್ದೆ ಅವನಿಗಾಯಿತು.

ವಾರದ ನಂತರ ಅವನು ಮನೆ ಬಾಗಿಲಿಗೆ ಬಂದ. ಹೊಸ ಹೆಬ್ಬೆರಳು ಕೆತ್ತಬೇಕಂತೆ, ಜೀನಿನ ತಗ್ಗು ಕೂರುತ್ತಿಲ್ಲವಂತೆ. ಚೌಕಟ್ಟಿಗೆ ಕೈ ಊರಿಕೊಂಡೇ, ಒಂದ್ಸಲ ತೋರಿಸಿಕೊಡಕ್ಕ ಅಂದ.

"ನಿನ್ನ ಬೆರಳು ನೆಟ್ಟಗಿದೆಯಲ್ಲಪ್ಪ, ಅದನ್ನೇ ನೋಡ್ಕೊಂಡು ಮಾಡು."

ಬಾಗಿಲು ತಳ್ಳಲು ಹೋದವಳು ತಡೆದಳು. ಅವನ ಕೈ ಇನ್ನೂ ಚೌಕಟ್ಟಿನ ಮೇಲಿತ್ತು. ಅದನ್ನು ತೆಗೆಯುವ ತನಕ ಕಾದು, ಆಮೇಲೆ ಬಾಗಿಲು ಹಾಕಿದಳು.