ಏಳನೇ ನಂಬರಿನ ಕಾದಂಬರಿ

ಪಾಂಡವಪುರದಿಂದ ಚಿನಕುರಳಿ, ಬೂಕನಕೆರೆ ಮೇಲೆ ಕೆ.ಆರ್. ಪೇಟೆಗೆ ಹೋಗಿ ಬರುವ ಸರ್ಕಾರಿ ಬಸ್ಸಿನಲ್ಲಿ ಕೆಂಪಣ್ಣ ಒಂಬತ್ತು ವರ್ಷ ಕಂಡಕ್ಟರಾಗಿದ್ದ. ಅರಕೆರೆಯ ಒಕ್ಕಲು ಮನೆತನದವನು. ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿ, ಗದ್ದೆಯನ್ನು ಅಣ್ಣನಿಗೆ ಬಿಟ್ಟು ಕೆಲಸಕ್ಕೆ ಸೇರಿದವನು. ಕಬ್ಬಿನ ಗಾಡಿಗಳು ರಸ್ತೆ ತುಂಬುವ ಕಾಲದಲ್ಲೂ ಅವನ ಬಸ್ಸು ಹೊತ್ತಿಗೆ ಸರಿಯಾಗಿ ಸ್ಟ್ಯಾಂಡು ಸೇರುತ್ತದೆ ಎಂದು ಜನ ಹೇಳುತ್ತಿದ್ದರು. ಓದುವುದೆಂದರೆ ಅವನಿಗೆ ಟೀ ಅಂಗಡಿಯ ಪೇಪರು, ಅಷ್ಟೆ.

ಹೆಂಡತಿ ಪ್ರಮೀಳಾ ನಾಗಮಂಗಲದ ಕಡೆಯವಳು. ಮದುವೆಯಾಗಿ ಹದಿನೆಂಟು ವರ್ಷ. ಒಬ್ಬನೇ ಮಗ ದಿಲೀಪ ಶ್ರೀರಂಗಪಟ್ಟಣದಲ್ಲಿ ಪ್ರಮೀಳಾಳ ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದ. ಗಂಡ ಬೆಳಿಗ್ಗೆ ಹೊರಟರೆ ಸಂಜೆಯವರೆಗೆ ಪಾಂಡವಪುರದ ಮನೆಯಲ್ಲಿ ಅವಳೊಬ್ಬಳೇ. ಬೀದಿಯ ಹೆಂಗಸರಿಗೆ ರವಿಕೆ ಹೊಲಿದು ಕೊಡುತ್ತಿದ್ದಳು, ಮಧ್ಯಾಹ್ನ ಊಟವಾದ ಮೇಲೆ ಕಾದಂಬರಿ ಓದುತ್ತಿದ್ದಳು. ಅವಳು ಓದುತ್ತಾಳೆ ಎನ್ನುವುದು ಕೆಂಪಣ್ಣನಿಗೆ ಗೊತ್ತಿತ್ತು. ಏನು ಓದುತ್ತಾಳೆ ಎಂದು ಒಂದು ದಿನವೂ ಕೇಳಿರಲಿಲ್ಲ.

೧೯೯೪ರ ಜೂನ್ ತಿಂಗಳಲ್ಲಿ ಪ್ರಮೀಳಾ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಬಲಗಾಲಿನ ಮೂಳೆ ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ತೊಡೆಯಿಂದ ಪಾದದವರೆಗೆ ಸಿಮೆಂಟು ಕಟ್ಟು ಹಾಕಿದ ಡಾಕ್ಟರು ಮೂರು ತಿಂಗಳು ಕಾಲು ನೆಲಕ್ಕೆ ಊರಕೂಡದು ಎಂದರು. ಅಡಿಗೆ ಮಾಡಲು, ಅವಳನ್ನು ನೋಡಿಕೊಳ್ಳಲು ಅರಕೆರೆಯಿಂದ ಕೆಂಪಣ್ಣನ ಅಕ್ಕ ದ್ಯಾವಮ್ಮ ಬಂದು ಉಳಿದಳು.

ಒಂದು ವಾರ ಪ್ರಮೀಳಾ ಸೂರು ನೋಡಿಕೊಂಡು ಮಲಗಿದ್ದಳು. ಆಮೇಲೆ ಒಂದು ಸಂಜೆ ಗಂಡನಿಗೆ ಹೇಳಿದಳು.

"ಲೈಬ್ರರಿಗೆ ಹೋಗಿ ನಂಜಾಂಬಿಕೆಯವ್ರ ಕಾದಂಬ್ರಿ ಒಂದು ತಗಬನ್ನಿ. ನನ್ನ ಕಾರ್ಡು ಆ ಪೆಟ್ಟಿಗೆ ಮೇಲದೆ."

"ಯಾವ್ದು?"

"ಯಾವ್ದಾರ ತನ್ನಿ. ಎಲ್ಲಾನೂ ಓದಿವ್ನಿ."

"ಓದಿರೋದ್ನೇ ಇನ್ನೊಂದ್ ದಪ ಓದೀಯಾ?"

"ನೀವು ಅದೇ ರೋಡಲ್ಲಿ ದಿನಾ ಹೋಗ್ಬತ್ತಿಲ್ವಾ?" ಎಂದಳು ಪ್ರಮೀಳಾ.

ಕೆಂಪಣ್ಣ ವಾರದ ರಜೆಯ ದಿನ ಗ್ರಂಥಾಲಯಕ್ಕೆ ಹೋದ. ಒಳಗೆ ಕಾಲಿಟ್ಟದ್ದು ಅದೇ ಮೊದಲು. ಅಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಪುಟ್ಟಗೌರಮ್ಮ ಅವನ ಬಸ್ಸಿನಲ್ಲೇ ಚಿನಕುರಳಿಯಿಂದ ಬರುವವಳು. ನಂಜಾಂಬಿಕೆಯವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರು ಬರೆದದ್ದು ಒಟ್ಟು ಹನ್ನೊಂದು ಪ್ರೇಮ ಕಾದಂಬರಿ. ಓದಿ ಓದಿ ಹಾಳೆ ಬಿಚ್ಚಿಹೋಗಿ, ಹನ್ನೊಂದನ್ನೂ ಒಂದೇ ಥರ ಕೆಂಪು ಬಟ್ಟೆಯಲ್ಲಿ ಬೈಂಡು ಮಾಡಿಸಿ ಬೆನ್ನಿನ ಮೇಲೆ ನಂಬರು ಬರೆದಿದ್ದರು. ಹೆಸರು ಹೇಳಿ ಕೇಳುವವರು ಯಾರೂ ಇರಲಿಲ್ಲ. ನಾಲ್ಕು ಕೊಡಿ, ಆರು ಕೊಡಿ ಎನ್ನುತ್ತಿದ್ದರು. ಇಲ್ಲವೇ ಡಾಕ್ಟರ ಕತೆ, ಕಾಗದದ ಕತೆ ಎನ್ನುತ್ತಿದ್ದರು.

"ನಿಮ್ಮನೆಯೋರಿಗೆ ಯಾವ್ದು ಇಷ್ಟ ಕಂಡಕ್ಟ್ರೇ?" ಎಂದು ಪುಟ್ಟಗೌರಮ್ಮ ಕೇಳಿದಳು.

"ಯಾವ್ದಾರ ಆಯ್ತದಂತೆ."

"ಅಂಗಂದ್ರೆ ಎಂಗೆ? ಒಬ್ಬೊಬ್ರಿಗೆ ಒಂದೊಂದು ಇರ್ತದೆ. ಇಷ್ಟು ವರ್ಷ ಸಂಸಾರ ಮಾಡಿ ಅದ್ನ ಕೇಳ್ಕಂಡಿಲ್ವಾ?"

ಬಾಗಿಲ ಹತ್ತಿರ ಪೇಪರು ಓದುತ್ತಿದ್ದವರಿಬ್ಬರು ತಲೆಯೆತ್ತಿ ನೋಡಿದರು. ಕೆಂಪಣ್ಣ ದಪ್ಪಗಿದ್ದ ನಾಲ್ಕನೇ ನಂಬರನ್ನು ತೆಗೆದುಕೊಂಡು ಬಂದ. ಪ್ರಮೀಳಾ ಅದನ್ನು ತಿರುಗಿಸಿ ನೋಡಿ, "ಓ, ಡಾಕ್ಟ್ರ ಕತೆ. ಇರ್ಲಿ ಬುಡಿ," ಎಂದು ದಿಂಬಿನ ಪಕ್ಕ ಇಟ್ಟುಕೊಂಡಳು. ಅವಳಿಗೆ ಬೇಕಾದ್ದು ಅದಲ್ಲ ಎಂದು ಅವನಿಗೆ ತಿಳಿಯಿತು.

"ಅಂಗಾರೆ ಯಾವ್ದು ಬೇಕು ಹೇಳು, ಬದ್ಲಾಯಿಸ್ಕಬತ್ತೀನಿ."

"ನಾನು ಹೇಳಾಕಿಲ್ಲ. ನೀವೇ ಓದಿ ಕಂಡ್ಹಿಡೀರಿ," ಎಂದು ಪ್ರಮೀಳಾ ನಕ್ಕಳು. ಕಾಲು ಮುರಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅದಕ್ಕೇ ಕೆಂಪಣ್ಣ ಒಪ್ಪಿಕೊಂಡ.

ಮಧ್ಯಾಹ್ನ ಕೆ.ಆರ್. ಪೇಟೆಯಲ್ಲಿ ಬಸ್ಸು ಒಂದು ಗಂಟೆ ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ಡಬ್ಬಿ ಊಟ ಮುಗಿಸಿ ಅವನು ಹಿಂದಿನ ಸೀಟಿನಲ್ಲಿ ಒರಗಿ ಓದತೊಡಗಿದ. ಮೊದಲ ವಾರ ನಾಲ್ಕು ಪುಟಕ್ಕೇ ನಿದ್ದೆ ಬರುತ್ತಿತ್ತು. ಡ್ರೈವರು ಮುದ್ದಯ್ಯನಿಗೆ ಅದೊಂದು ತಮಾಷೆಯಾಯಿತು.

"ಏನ್ಲಾ ಕೆಂಪ, ಎಣ್ಮಕ್ಳ ಬುಕ್ಕು ಇಡ್ಕಂಡ್ ಕುಂತಿದ್ದೀಯಲ್ಲಾ!"

"ನಮ್ಮವ್ಳು ಒಂದು ಕೆಲ್ಸ ಕೊಟ್ಟವ್ಳೆ ಕಣ್ಲಾ. ಮುಗಿಸ್ಬೇಕು."

ಮೂರನೆಯ ವಾರದ ಹೊತ್ತಿಗೆ ನಿದ್ದೆ ಬಿಟ್ಟುಹೋಯಿತು. ಒಂದು ದಿನ ಹೊರಡುವ ಹೊತ್ತು ಮೀರಿ ಆರು ನಿಮಿಷವಾದರೂ ಸೀಟಿ ಊದಲಿಲ್ಲ. ಜನ ಕೂಗಿದರು, ಮುದ್ದಯ್ಯ ಹಾರನ್ ಒತ್ತಿದ. ಕೆಂಪಣ್ಣ ಎರಡನೇ ನಂಬರಿನ ಕೊನೆಯ ಅಧ್ಯಾಯದಲ್ಲಿದ್ದ. ಒಂಬತ್ತು ವರ್ಷದಲ್ಲಿ ಅವನಿಂದ ಬಸ್ಸು ತಡವಾದದ್ದು ಅದೊಂದೇ ಸಲ.

ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಮಂಚದ ಪಕ್ಕ ಕೂತು ಅವನು ತನ್ನ ಊಹೆ ಹೇಳುತ್ತಿದ್ದ.

"ನಾಲ್ಕೇ ಇರ್ಬೇಕು. ಡಾಕ್ಟ್ರು ದೊಡ್ಡ ಮನ್ಸ. ಬಡವ್ರ ಎಣ್ಣು ಅಂತ್ಲೂ ನೋಡ್ದೆ ಮದ್ವೆ ಆಯ್ತಾನೆ."

"ಅವ್ನು ಮೊದ್ಲಿಂದ ಕೊನೇಗಂಟ ಮಾತಾಡ್ತಾನೇ ಇರ್ತಾನೆ. ಆ ಉಡುಗಿ ಬಾಯ್ಬುಡಾಕೆ ಜಾಗವೇ ಇಲ್ಲ."

"ಎರಡು? ಹನ್ನೊಂದ್ ವರ್ಷ ಬರೀ ಕಾಗ್ದ ಬರ್ಕಂಡೇ ಕಾಯ್ತಾನೆ ನೋಡು."

"ಒಂದು ದಿನ ಬಸ್ಸತ್ತಿ ಬಂದು ನೋಡಿದ್ರೆ ಆಯ್ತಿರ್ಲಿಲ್ವಾ?"

ಕೆಂಪಣ್ಣನಿಗೆ ಉತ್ತರ ಹೊಳೆದದ್ದು ಮಾರನೆಯ ದಿನ ಬೂಕನಕೆರೆ ದಾಟುವಾಗ: ಆ ಕಾಲಕ್ಕೆ ಬಸ್ಸೇ ಇರಲಿಲ್ಲ. ಸಂಜೆ ಬಂದವನೇ ಅದನ್ನು ಹೇಳಿದ. ಗಾಡಿ ಇತ್ತಲ್ಲ ಎಂದಳು ಪ್ರಮೀಳಾ. ಮುದ್ದೆ ತಿರುವುತ್ತಿದ್ದ ದ್ಯಾವಮ್ಮನಿಗೆ ಇದೆಲ್ಲ ವಿಚಿತ್ರವಾಗಿ ಕಾಣುತ್ತಿತ್ತು. "ಯಾರ್ದೋ ಮನೆ ಸಂಸಾರಕ್ಕೆ ನೀವ್ಯಾಕ್ರವ್ವ ಇಂಗೆ ಜಗ್ಳ ಆಡೀರಿ?" ಎನ್ನುತ್ತಿದ್ದಳು. ಆದರೆ ಅವಳೂ ಅಡಿಗೆಮನೆಯ ಬಾಗಿಲಿಗೆ ಬಂದು ಕೂತು ಕೇಳುತ್ತಿದ್ದಳು.

ಒಂಬತ್ತನೇ ನಂಬರು ಅಂಬಿಗನ ಕತೆ. ದಿನವೂ ಹೊಳೆ ದಾಟಿ ಆಚೆ ದಡದ ಶಾಲೆಗೆ ಹೋಗುವ ಮೇಷ್ಟ್ರಮ್ಮನನ್ನು ಒಬ್ಬ ಅಂಬಿಗ ಪ್ರೀತಿಸುತ್ತಾನೆ. ಅದು ಕೆಂಪಣ್ಣನಿಗೆ ತುಂಬ ಹಿಡಿಸಿತು. ಅದೇ ದಡ, ಅದೇ ಜನ, ಹೊತ್ತಿಗೆ ಸರಿಯಾಗಿ ಹೋಗುವುದು ಬರುವುದು, ಎಲ್ಲ ಅವನಿಗೆ ಗೊತ್ತಿದ್ದ ಬದುಕು. ಪ್ರಮೀಳಾಳಿಗೂ ಅದೇ ಇಷ್ಟವೆಂದು ಅವನು ಗಟ್ಟಿಯಾಗಿ ನಂಬಿದ್ದ. ಅವಳು ಎರಡನೆಯ ಸ್ಥಾನ ಕೊಡಬಹುದು ಎಂದಳು.

ಹೀಗೆ ಆಗಸ್ಟ್ ಕಳೆಯುವ ಹೊತ್ತಿಗೆ ಏಳನೇ ನಂಬರು ಬಂತು. ತೆಳುವಾದ ಪುಸ್ತಕ. ಜಾನಕಿ ಎಂಬ ಹುಡುಗಿಯನ್ನು ಸೋದರಮಾವನ ಮಗನಿಗೆ ಕೊಡುವುದೆಂದು ಚಿಕ್ಕಂದಿನಲ್ಲೇ ಮಾತಾಗಿರುತ್ತದೆ. ಅವನು ಅನುಕೂಲಸ್ಥರ ಮನೆಯ ಹುಡುಗಿಯನ್ನು ಮದುವೆಯಾಗುತ್ತಾನೆ. ಜಾನಕಿಯನ್ನು ಒಬ್ಬ ಸರ್ವೆಯರಿಗೆ ಕೊಡುತ್ತಾರೆ. ಆಮೇಲೆ ಕತೆಯಲ್ಲಿ ದೊಡ್ಡದೇನೂ ಆಗುವುದಿಲ್ಲ. ಗ್ರಂಥಾಲಯದಲ್ಲಿ ಅದನ್ನು ಕೇಳುವವರು ಕಡಿಮೆ ಎಂದು ಪುಟ್ಟಗೌರಮ್ಮ ಮೊದಲೇ ಹೇಳಿದ್ದಳು.

"ಇದು ಪ್ರೀತಿ ಕತೆನೇ ಅಲ್ಲ ಬುಡು," ಎಂದ ಕೆಂಪಣ್ಣ ಆ ಸಂಜೆ. "ಪ್ರೀತ್ಸಿದೋನು ನಲವತ್ತನೇ ಪುಟಕ್ಕೇ ಒಂಟೋಯ್ತಾನೆ."

"ನಂಗೆ ಬಾಳ ಇಷ್ಟ ಆಗಿರೋದು ಅದೇ," ಎಂದಳು ಪ್ರಮೀಳಾ.

ಅವನು ತಮಾಷೆಗೆ ಕೇಳಿದ: "ಯಾಕೆ, ನಿಂಗೂ ಅಂಗೇ ಯಾವನಾರ ಸೋದರಮಾವನ ಮಗ ಇದ್ನಾ?"

"ಇದ್ದ."

ಅವಳು ಮುಚ್ಚಿಡಲಿಲ್ಲ. ಬೆಳ್ಳೂರಿನಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಮಾವನ ಮಗನೇ ಅವನು. ತನಗೆ ಎಂಟು ವರ್ಷವಾದಾಗಿನಿಂದ ಅವನಿಗೇ ಎಂದು ಎರಡೂ ಮನೆಯಲ್ಲಿ ಮಾತಾಗಿತ್ತು. ಮದುವೆಯ ಮಾತು ಎತ್ತುವ ಹೊತ್ತಿಗೆ ಮಾವನ ಮನೆಯವರು ಬೇರೆ ಕಡೆ ಹೆಣ್ಣು ನೋಡಿದರು. ಅವನು ಎದುರು ಮಾತಾಡಲಿಲ್ಲ. "ಮೂರು ತಿಂಗ್ಳು ಅಳ್ತಾನೇ ಇದ್ದೆ. ಆಮೇಲೆ ನೀವು ನೋಡಾಕೆ ಬಂದ್ರಿ," ಎಂದಳು.

ಕೆಂಪಣ್ಣನಿಗೆ ಆ ಮನುಷ್ಯ ಚೆನ್ನಾಗಿ ಗೊತ್ತು. ದಿಲೀಪನ ನಾಮಕರಣಕ್ಕೆ ಬಂದಿದ್ದ. ಮನೆಯಲ್ಲಿ ಪಕ್ಕದಲ್ಲೇ ಕೂತು ಎಷ್ಟೋ ಸಲ ಉಂಡಿದ್ದ. ದಿಲೀಪನಿಗೆ ಮೊದಲ ಸೈಕಲ್ಲು ತಂದದ್ದು ಅವನ ಅಂಗಡಿಯಿಂದಲೇ. ಕೆಂಪಣ್ಣ ಎದ್ದು ಹೋಗಿ ಊಟ ಮಾಡಿದ. ಆ ಸಂಜೆ ಮತ್ತೆ ಮಂಚದ ಪಕ್ಕಕ್ಕೆ ಬರಲಿಲ್ಲ.

ನಾಲ್ಕು ದಿನ ಅವನು ಹೆಂಡತಿಯ ಹತ್ತಿರ ಬೇಕಾದಷ್ಟೇ ಮಾತಾಡಿದ. ಮಾತ್ರೆ ತಗೊಂಡ್ಯಾ, ನೀರು ಬೇಕಾ, ಅಷ್ಟೆ. ಪುಸ್ತಕದ ಸುದ್ದಿ ಎತ್ತಲಿಲ್ಲ. ಪ್ರಮೀಳಾಳೂ ಸಮಾಧಾನ ಹೇಳಲು ಹೋಗಲಿಲ್ಲ. ದ್ಯಾವಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ. ಬೆಳಿಗ್ಗೆ ಡಬ್ಬಿ ಕೊಡುವಾಗ ತಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡಳು.

"ಲೋ ಕೆಂಪ, ಅವ್ಳು ಎದ್ದು ಓಡಾಡಂಗಿಲ್ಲ. ಇಡೀ ದಿನ ನೀನು ಬರೋದ್ನೇ ಕಾಯ್ತಾ ಬಿದ್ದಿರ್ತಾಳೆ. ನೀನು ಬಂದು ಮೂತಿ ತಿರುಗ್ಸಿದ್ರೆ ಅವ್ಳು ಎಲ್ಲಿಗ್ಲಾ ಹೋಗ್ಬೇಕು?"

"ನಿಂಗೆ ಗೊತ್ತಾಗಾಕಿಲ್ಲ ಬುಡಕ್ಕ."

"ಎಲ್ಲಾ ಕೇಳಿಸ್ಕಂಡಿವ್ನಿ ಕಣ್ಲಾ. ಕೇಳಿದೋನು ನೀನು, ಹೇಳಿದೋಳು ಅವ್ಳು. ಸುಳ್ಳೇಳಿದ್ರೆ ಚೆಂದಾಗಿತ್ತಾ?"

ಅವತ್ತು ಕೆ.ಆರ್. ಪೇಟೆಯಲ್ಲಿ ಕೆಂಪಣ್ಣ ಊಟದ ಡಬ್ಬಿ ತೆರೆಯದೆ ಏಳನೇ ನಂಬರನ್ನು ಮತ್ತೆ ಓದಲು ಹಿಡಿದ. ಮೊದಲ ಸಲ ಅವನು ಕೊನೆಯಲ್ಲಿ ಸೋದರಮಾವನ ಮಗ ಬಂದೇ ಬರುತ್ತಾನೆ, ಏನಾದರೂ ಗಲಾಟೆ ಆಗುತ್ತದೆ ಎಂದು ಕಾಯುತ್ತ ಪುಟ ಸರಿಸಿದ್ದ. ಈ ಸಲ ನಿಧಾನವಾಗಿ ಓದಿದ. ಮೂರು ದಿನ ಹಿಡಿಯಿತು. ಸರ್ವೆಯರು ಊರೂರು ಅಳೆಯುತ್ತ ತಿರುಗುವವನು, ಮಾತು ಕಡಿಮೆ. ಮೊದಲ ವರ್ಷವೆಲ್ಲ ಜಾನಕಿ ಹಿಂದಿನದನ್ನು ನೆನೆಯುತ್ತಲೇ ಇರುತ್ತಾಳೆ. ಆಮೇಲೆ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತವಳು ಆ ಸೋದರಮಾವನ ಮಗನನ್ನು ನೆನೆಯಲು ಹೋದರೆ ಅವನ ಮುಖವೇ ನೆನಪಿಗೆ ಬರುವುದಿಲ್ಲ. ಎಷ್ಟು ಪ್ರಯತ್ನ ಮಾಡಿದರೂ ಬರುವುದಿಲ್ಲ. ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಗುತ್ತದೆ, ಅಳುತ್ತಾಳೆ. ಅತ್ತು ಎದ್ದು ಒಲೆಗೆ ಎಸರಿಡುತ್ತಾಳೆ. ಒಂದೂವರೆ ಪುಟದ ಆ ಭಾಗ ಮೊದಲ ಸಲ ಅವನ ಕಣ್ಣಿಗೇ ಬಿದ್ದಿರಲಿಲ್ಲ.

ಮೂರನೆಯ ದಿನ ಸಂಜೆ ಕೆಂಪಣ್ಣ ಮಂಚದ ಪಕ್ಕ ಹೋಗಿ ಕೂತ. ಆ ಪುಟ ತೆಗೆದು ಅವಳ ಮುಂದಿಟ್ಟ.

"ಇದಾ?"

ಪ್ರಮೀಳಾ ಪುಟ ನೋಡಿ ತಲೆಯಾಡಿಸಿದಳು.

"ನಿಂಗೂ ಇಂಗೇ ಆಯ್ತಾ?"

"ಆಯ್ತು. ಯಾವಾಗ ಅಂತ್ಲೇ ಗೊತ್ತಿಲ್ಲ. ದಿಲೀಪನ್ನ ನಾಮಕರ್ಣಕ್ಕೆ ಅವ್ನು ಬಾಗಿಲಲ್ಲಿ ಬಂದು ನಿಂತ ನೋಡಿ, ಒಂದು ಗಳಿಗೆ ಯಾರು ಅಂತ ತಿಳೀಲಿಲ್ಲ ನಂಗೆ. ಅಷ್ಟು ಅತ್ತಿದ್ದೋಳು ಇಷ್ಟು ಬೇಗ ಮರ್ತ್ಬುಟ್ನಲ್ಲಾ ಅಂತ ಬೇಜಾರಾಯ್ತು. ಯಾರ್ಗೂ ಹೇಳಿಲ್ಲ. ಎಂಗೆ ಹೇಳೋದು ಅಂತ್ಲೂ ತಿಳೀಲಿಲ್ಲ. ಎರಡು ವರ್ಷ ಆದ್ಮೇಲೆ ಇದ್ನ ಓದಿದೆ. ಬೇರೆ ಎಲ್ಲಾ ಕತೇಲೂ ಮರೀದೆ ಇರೋರೇ ದೊಡ್ಡೋರು. ಮರ್ತೋಳ್ನ ಬೈಯದೇ ಬರ್ದಿರೋದು ಇದೊಂದೇ."

ಕೆಂಪಣ್ಣ ಪುಸ್ತಕ ಮುಚ್ಚಿ ದಿಂಬಿನ ಪಕ್ಕ ಇಟ್ಟ. ಆಮೇಲೆ ಹೇಳಿದ:

"ನಾನು ನಾಕ್ ದಿನ ಸರ್ಯಾಗಿ ಮಾತಾಡ್ಲಿಲ್ಲ."

"ಏಳು ದಿನ," ಎಂದಳು ಪ್ರಮೀಳಾ.

"ತಪ್ಪಾಯ್ತು."

ಹದಿನೆಂಟು ವರ್ಷದಲ್ಲಿ ಆ ಮಾತು ಅವನ ಬಾಯಲ್ಲಿ ಅವಳು ಕೇಳಿರಲಿಲ್ಲ. ಅವಳು ಮಾತು ತಿರುಗಿಸಿ, "ಆ ಅಂಬಿಗನ ಕತೇಲಿ ಅವ್ನು ಮೇಷ್ಟ್ರಮ್ಮನ್ನ ನಿಂಗೇನು ಬೇಕು ಅಂತ ಒಂದ್ ದಪನೂ ಕೇಳಾಕಿಲ್ಲ, ಅದ್ಕೇ ಅದು ಎರಡ್ನೇದು," ಎಂದಳು.

"ಕೇಳ್ತಾನೆ. ಹೊಳೆ ತುಂಬಿ ದೋಣಿ ನಿಂತೋದಾಗ ಕೇಳ್ತಾನೆ."

"ಇಲ್ಲ."

"ನಾಳೆ ತಂದು ತೋರಿಸ್ತೀನಿ ಇರು."

ಮಾರನೆಯ ದಿನ ಒಂಬತ್ತನೇ ನಂಬರು ತಂದು ತೋರಿಸಿದ. ಅಂಬಿಗ ಕೇಳಿಯೇ ಇದ್ದ, ಆದರೆ ಅವಳು ಉತ್ತರ ಹೇಳುವುದಕ್ಕೆ ಮೊದಲೇ ಅಧ್ಯಾಯ ಮುಗಿದಿತ್ತು. ಅದು ಕೇಳಿದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಮತ್ತೆ ವಾದವಾಯಿತು. ದ್ಯಾವಮ್ಮ ಅಂಬಿಗನ ಕಡೆ ಸೇರಿಕೊಂಡಳು.

ಸೆಪ್ಟೆಂಬರ್ ಕೊನೆಗೆ ಕಟ್ಟು ಬಿಚ್ಚಿದರು. ಕಾಲು ಬಡಕಲಾಗಿತ್ತು. ದೀಪಾವಳಿಯವರೆಗೆ ಕೋಲು ಹಿಡಿದು ನಡೆದಳು, ಆಮೇಲೆ ಕೋಲು ಬಿಟ್ಟಳು. ಸ್ವಲ್ಪ ಕುಂಟು ಉಳಿಯಿತು. ದ್ಯಾವಮ್ಮ ಭತ್ತದ ಕೊಯ್ಲಿಗೆ ಅರಕೆರೆಗೆ ಹೋದಳು. ಬೆಳ್ಳೂರಿನ ಮಾವನ ಮಗ ಪ್ರಮೀಳಾಳನ್ನು ನೋಡಲು ಬಂದಾಗ ಕೆಂಪಣ್ಣ ಮನೆಯಲ್ಲಿದ್ದ. ಕಾಫಿ ಮಾಡಿಸಿ ಕೊಟ್ಟ, ಬಸ್ ಸ್ಟ್ಯಾಂಡಿನವರೆಗೆ ಹೋಗಿ ಕಳಿಸಿ ಬಂದ. ಮನಸ್ಸಿಗೆ ಏನೂ ಆಗಲಿಲ್ಲ ಎಂದಲ್ಲ. ಆದದ್ದು ಬಹಳ ಹೊತ್ತು ನಿಲ್ಲಲಿಲ್ಲ.

ಅದೇ ವರ್ಷ ಡಿಸೆಂಬರಿನಲ್ಲಿ ಕೆಂಪಣ್ಣ ತನ್ನ ಹೆಸರಿಗೇ ಗ್ರಂಥಾಲಯದ ಕಾರ್ಡು ಮಾಡಿಸಿದ. ನಂಜಾಂಬಿಕೆಯವರ ಹನ್ನೊಂದೂ ಮುಗಿದ ಮೇಲೆ ಪುಟ್ಟಗೌರಮ್ಮ ಬೇರೆಯವರದನ್ನು ಕೊಟ್ಟಳು. ಕೆಲವು ಹಿಡಿಸಿದವು, ಹೆಚ್ಚಿನವು ಹಿಡಿಸಲಿಲ್ಲ. ೧೯೯೭ರಲ್ಲಿ ಅವನಿಗೆ ನಾಗಮಂಗಲಕ್ಕೆ ವರ್ಗವಾಯಿತು, ಗಂಡ ಹೆಂಡತಿ ಇಬ್ಬರೂ ಅಲ್ಲಿಗೆ ಮನೆ ಮಾಡಿಕೊಂಡು ಹೋದರು. ಅಲ್ಲಿನ ಗ್ರಂಥಾಲಯದಲ್ಲಿ ನಂಜಾಂಬಿಕೆಯವರ ಆರು ಕಾದಂಬರಿ ಮಾತ್ರ ಇದ್ದವು. ಅಂಬಿಗನದು ಇತ್ತು, ಸರ್ವೆಯರದು ಇರಲಿಲ್ಲ. ಇಲ್ಲದ ಪುಸ್ತಕ ತರಿಸಿಕೊಡಿ ಎಂದು ಕೆಂಪಣ್ಣ ಒಂದು ಅರ್ಜಿ ಬರೆದು ಕೊಟ್ಟ. ಪ್ರಮೀಳಾ ಅದನ್ನು ಓದಿ, ಒಂದು ಕಡೆ ಒತ್ತಕ್ಷರ ಬಿಟ್ಟುಹೋಗಿದ್ದನ್ನು ತಿದ್ದಿ, ತಾನೂ ಕೆಳಗೆ ರುಜು ಹಾಕಿದಳು.