ಬೆಂಚಿನಿಂದ ಕಂಡ ಗೋಡೆ

ಕಟಿಂಗ್ ಅಂಗಡಿಯವನಿಗೆ ಕನ್ನಡಿಯಣ್ಣ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಬೆನ್ನ ಹಿಂದೆ ನಿಂತವರ ಜೊತೆಗೂ ಕನ್ನಡಿಯಲ್ಲೇ ಮಾತಾಡುವ ಆಸಾಮಿ. ಹೆಂಡತಿ ಊಟದ ಡಬ್ಬಿ ತಂದರೂ ತಿರುಗುವುದಿಲ್ಲ. ಕನ್ನಡಿಗೇ "ಅಲ್ಲಿಡು" ಅನ್ನುತ್ತಾನೆ. ಕಟ್ಟಿಕೊಂಡವಳ ಮುಖವನ್ನು ಅವನು ನೇರವಾಗಿ ನೋಡಿದ್ದು ಮದುವೆಯ ದಿನ ಮಾತ್ರ ಅಂತ ಅವಳ ತಕರಾರು.

ಎದುರು ಸಾಲಿನಲ್ಲಿ ಹೊಸ ಸಲೂನು ಬಂದ ಮೇಲೆ ಅವನ ವ್ಯಾಪಾರಕ್ಕೆ ಕುತ್ತು ಬಂತು. ಕುರ್ಚಿಯಲ್ಲಿ ಕೂತವರು ಖುಷಿಯಾಗಿಯೇ ಏಳುತ್ತಿದ್ದರು. ಬೆಂಚಿನಲ್ಲಿ ಕಾಯುತ್ತಿದ್ದವರು ಮಾತ್ರ "ಈಗ ಬಂದೆ" ಅಂತ ಹೊರಬಿದ್ದು, ಎದುರು ಬಾಗಿಲಿನಿಂದ ನುಣ್ಣಗಾಗಿ ಇಳಿಯುತ್ತಿದ್ದರು. ಹೀಗೇ ಬಿಟ್ಟರೆ ನೊಣ ಹೊಡೆಯುತ್ತಾ ಕೂರಬೇಕಾದೀತು ಅಂತ ಅಂಗಡಿಗೆ ಬಣ್ಣ ಹೊಡೆಸಲು ಹೊರಟ.

ಬಣ್ಣ ಬಳಿಯುವವನು ಹೆಂಡತಿಯ ತಮ್ಮನೇ. ಬೆಂಚಿನ ಮೇಲಿನ ಗೋಡೆಗೆ ಎರಡು ಪಟ್ಟೆ ಬಳಿದ: ಒಂದು ತಿಳಿ ಕೆನೆ, ಇನ್ನೊಂದು ಮಾಸಲು ಹಸಿರು. ಕನ್ನಡಿಯಣ್ಣ ಎಂದಿನಂತೆ ಎರಡನ್ನೂ ಕನ್ನಡಿಯಲ್ಲಿ ನೋಡಿದ. ಹಸಿರಿನ ಮುಂದೆ ಶೇವಿಂಗ್ ಆದ ಮುಖ ಆಸ್ಪತ್ರೆಯಿಂದ ಬಿಡುಗಡೆ ಆದ ಹಾಗೆ ಕಾಣುತ್ತಿತ್ತು. ಕೆನೆಯೇ ಸರಿ ಅಂದ. ಹಸಿರೇ ಕಣ್ಣಿಗೆ ತಂಪು ಅಂತ ಹೆಂಡತಿಯ ಹಟ. ಅಕ್ಕ ಭಾವನ ನಡುವೆ ತಲೆ ಹಾಕಿದರೆ ತನಗೇ ಏಟು ಅಂತ ಮೈದುನ ಬ್ರಷ್ ತೊಳೆಯುತ್ತಾ ಕೂತ.

ಮಾರನೆಯ ದಿನ ಅವಳು ಡಬ್ಬಿ ತಂದು ಬೆಂಚಿನಲ್ಲಿ ಕೂತಳು.

"ರೀ, ಎದ್ದು ಹೋಗೋರು ಯಾರು? ಕುರ್ಚಿಯವರಾ, ಬೆಂಚಿನವರಾ?"

"ಬೆಂಚಿನವರು," ಅಂದ, ಕನ್ನಡಿಗೆ.

"ಹಾಗಾದ್ರೆ ಒಂದ್ಸಲ ಇಲ್ಲಿ ಬಂದು ಕೂತ್ಕೊಳ್ಳಿ."

ಅಂಗಡಿ ತೆರೆದಾಗಿನಿಂದ ಅವನು ಆ ಬೆಂಚಿನಲ್ಲಿ ಕೂತವನಲ್ಲ. ಕೂತ. ಎರಡು ಪಟ್ಟೆಗಳೂ ತಲೆಯ ಹಿಂದೆ ಉಳಿದವು. ಎದುರಿಗೆ ಕಂಡದ್ದು ಕನ್ನಡಿಯ ಸುತ್ತಲಿನ ಗೋಡೆ: ತಲೆಗೆ ಹಚ್ಚುವ ಕರಿಬಣ್ಣ ಸಿಡಿದ ಕಲೆ, ಸೋಪಿನ ನೀರು ಇಳಿದ ಗೆರೆ, ತನ್ನದೇ ಎಣ್ಣೆಗೈಯ ಗುರುತು. ಕಣ್ಣು ಅಲ್ಲಿ ನಿಲ್ಲಲಾರದೆ ಬಾಗಿಲಿಗೆ ಹೊರಳಿತು. ಬಾಗಿಲಾಚೆ ಹೊಸ ಸಲೂನು ಫಳಫಳ ಹೊಳೆಯುತ್ತಿತ್ತು.

ಎದ್ದು, ಬ್ರಷ್ ಹಿಡಿದು ಕಾಯುತ್ತಿದ್ದ ಮೈದುನನಿಗೆ ಹೇಳಿದ: "ಕನ್ನಡಿ ಇಳಿಸಪ್ಪ. ಅಲ್ಲಿ ಹಸಿರು ಹೊಡಿ."

"ಹಿಂದುಗಡೆ, ಭಾವ?"

"ಅಲ್ಲಿ ಕೆನೆ. ಕುರ್ಚಿಯವರಿಗೆ ಕಾಣೋದು ಅದೇ. ಅದನ್ನ ಮಾತ್ರ ಬಿಟ್ಟುಕೊಡಲ್ಲ."

ಈಗ ಬೆಂಚಿನವರು ಕಾಯುತ್ತಾರೆ. ಕೆಲವರು ಗೊರಕೆಯನ್ನೂ ಹೊಡೆಯುತ್ತಾರೆ. ಹಸಿರು ಯಾರು ಆರಿಸಿದ್ದು ಅಂತ ಕೇಳಿದರೆ ಕನ್ನಡಿಯಣ್ಣ, "ನಮ್ಮನೆಯವಳು" ಅಂತ ಒಪ್ಪಿಕೊಳ್ಳುತ್ತಾನೆ, ಕನ್ನಡಿಯನ್ನು ನೋಡಿಕೊಂಡೇ.