ಹೆಮ್ಮಿಗೆಯಿಂದಾಚೆ ಗಾಳಿ ಇರಲಿಲ್ಲ

ಆ ದಿನ ಬೆಳಗಿನ ಜಾವ ಮೂರೂವರೆಗೆ ಎದ್ದೆ. ಹಾಲು ಕಾಯಿಸಿದೆ. ನಲ್ಲಿಯಲ್ಲಿ ನೀರು ಬರುವ ದಿನವಾದ್ದರಿಂದ ಡ್ರಮ್ಮು ತುಂಬಿಸಿ ತೊಟ್ಟಿಗೆ ಪೈಪು ಬಿಟ್ಟೆ. ಹೆಸರುಕಾಳಿನ ಬಸ್ಸಾರು ಮಾಡಿ, ಮುದ್ದೆಗೆ ಹಿಟ್ಟು ಅಳೆದಿಟ್ಟೆ. ಯಜಮಾನರ ಬಿಪಿ ಮಾತ್ರೆಯನ್ನು ಮರೆಯದಿರಲಿ ಎಂದು ತಟ್ಟೆಯಲ್ಲೇ ಇಟ್ಟೆ. ನೆನೆಸಿದ್ದ ಬಟ್ಟೆ ಒಗೆದು ಒಳಗೇ ಹರವಿದೆ. ಹೊರಗೆ ಹಾಕಿದರೆ ಆಷಾಢದ ಗಾಳಿ ಪಕ್ಕದ ಮನೆಗೆ ಒಯ್ಯುತ್ತಿತ್ತು. ಆಮೇಲೆ ಸೈಕಲ್ಲಿನ ಎರಡು ಟೈರಿಗೂ ಗಾಳಿ ಹೊಡೆದು, ಚೈನಿಗೆ ಎಣ್ಣೆ ಬಿಟ್ಟು, ಎರಡು ಚಪಾತಿಗೆ ಕಡಲೆಬೀಜದ ಚಟ್ನಿ ಸವರಿ ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಇದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆ. ಅದೇ ಪುಟದ ಕೆಳಭಾಗದಲ್ಲಿ ಇರುವುದನ್ನು ಓದಿದರೆ ಮಾತ್ರ ಇವತ್ತಿಗೂ ಬರೆದದ್ದು ನಾನೇನಾ ಅನ್ನಿಸುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ನಂಜನಗೂಡಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಇಪ್ಪತ್ತು ವರ್ಷದಿಂದ ಎಣಿಸುವುದೇ ಕೆಲಸ. ಯಾರಾದರೂ ಏನೋ ಕಂಡೆ, ಏನೋ ಮೈಮೇಲೆ ಬಂತು ಎಂದರೆ ಮೊದಲು ಹಿಮೋಗ್ಲೋಬಿನ್ ಎಷ್ಟಿದೆ ನೋಡಿಸಿಕೊಳ್ಳಿ ಎನ್ನುತ್ತಿದ್ದೆ. ನಗುತ್ತಲೂ ಇದ್ದೆ. ಈಗ ನಗುವುದನ್ನು ಬಿಟ್ಟಿದ್ದೇನೆ, ಅಷ್ಟೆ. ನಂಬಿಕೆ ಬಂದಿದೆ ಎಂದು ಹೇಳಲಾರೆ.

ಸೈಕಲ್ ಹತ್ತಿದ್ದು ನಲವತ್ತಮೂರನೇ ವಯಸ್ಸಿನಲ್ಲಿ, ನನ್ನ ರಕ್ತದಲ್ಲೇ ಸಕ್ಕರೆ ಅಂಚಿಗೆ ಬಂದು ನಿಂತಾಗ. ಮೊದಲು ತಾಂಡವಪುರದವರೆಗೆ ಹೋಗಿ ಬರುತ್ತಿದ್ದೆ. ಅಲ್ಲಿ ಡೈರಿಗೆ ಹಾಲು ಹಾಕುವ ಚಿಕ್ಕಸ್ವಾಮಿ ಪರಿಚಯವಾದ. ಭಾರಿ ಆಳು, ಭಾರಿ ಮಾತು. ಬ್ರೆವೆಯ ಹುಚ್ಚು ಹಿಡಿಸಿದವನು ಅವನೇ. ಬ್ರೆವೆ ಎಂದರೆ ಗೊತ್ತಾದ ದೂರವನ್ನು ಗೊತ್ತಾದ ಹೊತ್ತಿನೊಳಗೆ ಮುಗಿಸುವ ಸವಾರಿ. ಇನ್ನೂರು ಕಿಲೋಮೀಟರಿಗೆ ಹದಿಮೂರೂವರೆ ಗಂಟೆ. ದಾರಿಯಲ್ಲಿ ಅಲ್ಲಲ್ಲಿ ಕಾರ್ಡಿಗೆ ಸೀಲು ಹಾಕಿಸಿಕೊಳ್ಳಬೇಕು. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಅದೇ ಪದಕ. ಹೊತ್ತು ಮೀರಿದರೆ ಮಾತ್ರ ಹೆಸರೇ ಇಲ್ಲ.

ನನಗೆ ಎರಡು ಸಲ ಹೊತ್ತು ಮೀರಿತ್ತು. ಮೊದಲ ಸಲ ನಲವತ್ತು ನಿಮಿಷ, ಎರಡನೇ ಸಲ ಒಂಬತ್ತು ನಿಮಿಷ. ಆ ಒಂಬತ್ತು ನಿಮಿಷ ತಿಂಗಳುಗಟ್ಟಲೆ ನನ್ನ ನಿದ್ದೆ ತಿಂದಿತು. ಮೂರನೇ ಸಲವೂ ತಪ್ಪಿದರೆ ಸೈಕಲ್ ಬಿಟ್ಟುಬಿಡುತ್ತೇನೆ, ಮಂಡಿಯೂ ಕೇಳುತ್ತಿಲ್ಲ ಎಂದು ನಾನೇ ಮನೆಯಲ್ಲಿ ಹೇಳಿದ್ದೆ. ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಬಿಡೋದೇನೂ ಬೇಡ. ಸೈಕಲ್ಲು ಬಟ್ಟೆ ಒಣಗಾಕಕ್ಕೆ ಚೆನ್ನಾಗಿರ್ತದೆ" ಎಂದಿದ್ದರು. ನಕ್ಕೆ. ಒಳಗೆ ನಗು ಬಂದಿರಲಿಲ್ಲ.

ಆ ದಿನದ್ದು ಮೂರನೇ ಸಲ. ನಂಜನಗೂಡಿನಿಂದ ಬೆಳಿಗ್ಗೆ ಆರಕ್ಕೆ ಹೊರಟು ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲ, ತಲಕಾಡು, ತಿ. ನರಸೀಪುರ ಸುತ್ತಿ ಸಂಜೆ ಏಳೂವರೆಯೊಳಗೆ ಮತ್ತೆ ನಂಜನಗೂಡು ಮುಟ್ಟಬೇಕಿತ್ತು. ಕೊಳ್ಳೇಗಾಲದವರೆಗೆ ಹೇಗೋ ಬಂದೆ. ತಲಕಾಡು ಬಿಟ್ಟಾಗ ನಾಲ್ಕು ನಲವತ್ತು. ಅಲ್ಲಿಂದ ಪಶ್ಚಿಮಕ್ಕೆ ತಿರುಗುತ್ತಲೇ ಗಾಳಿ ಎದುರಾಯಿತು. ಆಷಾಢದ ಗಾಳಿ ಬೀಸುವುದಲ್ಲ, ತಳ್ಳುವುದು. ತೆಂಗಿನ ಗರಿಗಳೆಲ್ಲ ನಮ್ಮ ಕಡೆಗೇ ಬಾಗಿದ್ದವು. ಗಂಟೆಗೆ ಹತ್ತು ಕಿಲೋಮೀಟರೂ ದಾಟುತ್ತಿಲ್ಲ. ಎದೆಗೆ ಕಟ್ಟಿಕೊಂಡ ಪಟ್ಟಿ ನಾಡಿಬಡಿತ ನೂರೈವತ್ತೆಂಟು ಎನ್ನುತ್ತಿತ್ತು. ಹೆಮ್ಮಿಗೆ ತಲುಪಿದಾಗ ಐದೂ ಕಾಲು. ಇನ್ನೂ ನಲವತ್ತಮೂರು ಕಿಲೋಮೀಟರು. ಲೆಕ್ಕ ಹಾಕಿದೆ, ಆಗುವುದಿಲ್ಲ. ಇನ್ನೊಂದು ಸಲ ಹಾಕಿದೆ. ಆಗಲೂ ಅದೇ ಉತ್ತರ.

ಹೆಮ್ಮಿಗೆ ದಾಟಿ ಸ್ವಲ್ಪ ದೂರ ಹೋಗಿರಬೇಕು, ಗಾಳಿ ನಿಂತಿತು.

ನಿಂತಿತು ಎಂದೆನಲ್ಲ, ಅದೂ ಸರಿಯಲ್ಲ. ಪಕ್ಕದ ಗದ್ದೆಯಲ್ಲಿ ಹುಲ್ಲು ಮಲಗಿಕೊಂಡೇ ಇತ್ತು, ತೆಂಗು ಬಾಗಿಯೇ ಇತ್ತು. ನನಗೆ ಮಾತ್ರ ಇಲ್ಲ. ಒಂದು ಗುಂಡಿ ತಪ್ಪಿಸಲು ಬಲಕ್ಕೆ ಸರಿದೆ, ಕಪಾಳಕ್ಕೆ ಹೊಡೆದಂತೆ ಗಾಳಿ ಬಡಿಯಿತು. ಮತ್ತೆ ಎಡಕ್ಕೆ ಬಂದರೆ ಇಲ್ಲ. ಬೇಕೆಂದೇ ಮೂರು ನಾಲ್ಕು ಸಲ ಹಾಗೆ ಮಾಡಿ ನೋಡಿದೆ. ಗಾಳಿಯಿಲ್ಲದ ಜಾಗ ಸುಮಾರು ಒಬ್ಬರ ಭುಜದಷ್ಟು ಅಗಲವಿತ್ತು.

ಸೈಕಲ್ ತುಳಿಯುವವರಿಗೆ ಇದು ಹೊಸದಲ್ಲ. ಮುಂದಿನವರ ಹಿಂದಿನ ಚಕ್ರಕ್ಕೆ ಅಂಟಿದಂತೆ ಹೋದರೆ ಅವರು ಗಾಳಿ ಸೀಳುತ್ತಾರೆ, ಹಿಂದಿನವರಿಗೆ ಹಗುರ. ನಾನು ಎಷ್ಟೋ ಸಲ ಚಿಕ್ಕಸ್ವಾಮಿಯ ಹಿಂದೆ ಹಾಗೆ ಹೋಗಿದ್ದೇನೆ. ಆ ಹಗುರವನ್ನು ಕಣ್ಣು ಮುಚ್ಚಿಯೂ ಗುರುತಿಸಬಲ್ಲೆ. ಆದರೆ ನನ್ನ ಮುಂದೆ ಯಾರೂ ಇರಲಿಲ್ಲ. ಖಾಲಿ ರಸ್ತೆ, ದೂರದಲ್ಲಿ ಒಂದು ಹುಲ್ಲಿನ ಗಾಡಿ.

ಹೆದರಿಕೆ ಆಗಲಿಲ್ಲವೇ ಎಂದು ಕೇಳಬಹುದು. ನಿಜ ಹೇಳುತ್ತೇನೆ, ಆಗಲಿಲ್ಲ. ನೂರೈವತ್ತು ಕಿಲೋಮೀಟರು ತುಳಿದ ಕಾಲಿಗೆ ಹಗುರ ಸಿಕ್ಕಿದರೆ ಎಲ್ಲಿಂದ ಎಂದು ವಿಚಾರಿಸುವುದಿಲ್ಲ. ಇಪ್ಪತ್ತಮೂರು, ಇಪ್ಪತ್ತನಾಲ್ಕರ ವೇಗದಲ್ಲಿ ಹೋಗುತ್ತಿದ್ದೆ, ನಾಡಿ ನೂರಿಪ್ಪತ್ತೊಂದಕ್ಕೆ ಇಳಿದಿತ್ತು. ಒಂದು ತಿರುವು ಕಳೆದರೆ ಮುಂದೆ, ಬೆಳಿಗ್ಗೆ ನನ್ನ ಜೊತೆಗೇ ಹೊರಟಿದ್ದ ಚಿಕ್ಕಸ್ವಾಮಿ ಹ್ಯಾಂಡಲ್ ಮೇಲೆ ಕವುಚಿಕೊಂಡು ಎಮ್ಮೆಯಂತೆ ಎಳೆಯುತ್ತಿದ್ದ. ಅವನನ್ನು ದಾಟಿದೆ.

"ಅಕ್ಕೋ, ಮೋಟ್ರು ಕಟ್ಟಿಸ್ಕಂಡಿದ್ದೀರಾ?" ಎಂದು ಕೂಗಿದ. ಆಮೇಲೆ ನನ್ನ ಚಕ್ರ ಹಿಡಿದು ಹಿಂದೆ ಬರಲು ನೋಡಿದನಂತೆ. ಐದು ನಿಮಿಷಕ್ಕೆ ಕೈಬಿಟ್ಟನಂತೆ. ಅದು ತಿಳಿದದ್ದು ಆಮೇಲೆ.

ನರಸೀಪುರದ ಬೇಕರಿಯ ಮುಂದೆ ಸೀಲು ಹಾಕುವವರ ಪಕ್ಕದಲ್ಲಿ ಯಜಮಾನರು ಮಜ್ಜಿಗೆ ಹಿಡಿದು ನಿಂತಿದ್ದರು. ನಂಜನಗೂಡಿನಿಂದ ಸ್ಕೂಟರಿನಲ್ಲಿ ಬಂದಿದ್ದರು, ನನಗೆ ಹೇಳಿರಲಿಲ್ಲ. ಬಟ್ಟೆ ಒಣಗಿಸುವ ಮಾತಾಡಿದ ಮನುಷ್ಯ. ಐದು ಐವತ್ತು. ಮಜ್ಜಿಗೆ ಕುಡಿಯುವಾಗ ನನ್ನನ್ನೇ ನೋಡುತ್ತಾ, "ಏನೇ ಇದು. ಬಂದೋರೆಲ್ಲ ಹದ್ದು ಕುಕ್ಕಿದಂಗೆ ಬಂದವ್ರೆ. ನೀನು ಬರೋವಾಗ ನಿನ್ನ ಜಡೆ ಕೂಡ ಅಲ್ಲಾಡ್ತಿರಲಿಲ್ಲ ಕಣೆ" ಎಂದರು. ಕಾರ್ಡಿಗೆ ಸೀಲು ಹಾಕಿಸಿಕೊಂಡು ಸೈಕಲ್ ಹತ್ತಿದೆ. ಗಾಳಿ ನಿಂತದ್ದನ್ನು ಹೇಳಿದರೆ ಆ ಹಗುರ ಹೋಗಿಬಿಡುತ್ತದೇನೋ ಅನ್ನಿಸಿತ್ತು. ಹೊರಟಾಗ ಐದು ಐವತ್ತೆಂಟು. ಉಳಿದದ್ದು ಮೂವತ್ತು ಕಿಲೋಮೀಟರು, ತೊಂಬತ್ತೆರಡು ನಿಮಿಷ.

ಊರಾಚೆ ಬರುತ್ತಲೇ ಗಾಳಿ ಮುಖಕ್ಕೆ ರಾಚಿತು. ಮುಗಿಯಿತು ಅಂದುಕೊಂಡೆ. ಅರ್ಧ ಕಿಲೋಮೀಟರು ಕಳೆದ ಮೇಲೆ ಮತ್ತೆ ಅದೇ ಹಗುರ. ಕಾಯುತ್ತಾ ನಿಂತಿದ್ದವರು ನನ್ನನ್ನು ಕಂಡು ಹೊರಟಂತಿತ್ತು.

ಹದಿನೆಂಟು ಕಿಲೋಮೀಟರು ಹಾಗೆ ಬಂದೆ. ಕೊನೆಯಲ್ಲಿ ಒಂದು ಬದಲಾವಣೆ ಗಮನಕ್ಕೆ ಬಂತು. ವೇಗ ಇಪ್ಪತ್ತಮೂರರಿಂದ ಇಪ್ಪತ್ತೊಂದಕ್ಕೆ, ಹತ್ತೊಂಬತ್ತಕ್ಕೆ, ಹದಿನೇಳಕ್ಕೆ ಇಳಿಯುತ್ತಿತ್ತು. ನನ್ನ ಕಾಲಿನಲ್ಲಿ ಶಕ್ತಿ ಇತ್ತು. ಜೋರಾಗಿ ತುಳಿದರೆ ಮುಖಕ್ಕೆ ಗಾಳಿ ಬಡಿಯುತ್ತಿತ್ತು. ನಿಧಾನಿಸಿದರೆ ಮತ್ತೆ ಮರೆ. ಮುಂದಿನವರು ದಣಿದಾಗ ಹೀಗೇ ಆಗುತ್ತದೆ. ಹಿಂದೆ ಇರುವವರಿಗೆ ಅದು ಬೆನ್ನು ನೋಡಿದರೇ ತಿಳಿಯುತ್ತದೆ. ನೋಡಲು ಬೆನ್ನಿರಲಿಲ್ಲ, ಆದರೂ ತಿಳಿಯಿತು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಒಬ್ಬರೇ ಕೊನೆಯವರೆಗೆ ಗಾಳಿ ಕುಡಿಯಬಾರದು. ಸರದಿ ಬಂದಾಗ ಹಿಂದಿನವರು ಪಕ್ಕಕ್ಕೆ ಸರಿದು ಮುಂದೆ ಬರಬೇಕು, ಮುಂದಿದ್ದವರು ಹಿಂದೆ ಸರಿದು ಸುಧಾರಿಸಿಕೊಳ್ಳಬೇಕು. ಬರದೆ ಅಂಟಿಕೊಂಡೇ ಇದ್ದವರನ್ನು ಮುಂದಿನ ಸಲ ಯಾರೂ ಜೊತೆಗೆ ಸೇರಿಸುವುದಿಲ್ಲ. ಉಳಿದದ್ದು ಹನ್ನೆರಡು ಕಿಲೋಮೀಟರು, ನಲವತ್ತೆರಡು ನಿಮಿಷ. ಹದಿನೇಳಕ್ಕಿಂತ ಕೆಳಗೆ ಬಿದ್ದರೆ ಆಟ ಮುಗಿದಂತೆ. ಬರಿ ಗಾಳಿಯಲ್ಲಿ ನನ್ನ ವೇಗ ಹತ್ತು ಎಂದು ಆಗಲೇ ಕಂಡಿದ್ದೆ. ಮರೆಯಲ್ಲಿ ಉಳಿದರೆ ಅವರ ಜೊತೆ ನಿಧಾನವಾಗಿ ಸೋಲುವುದು, ಹೊರಗೆ ಬಂದರೆ ಒಬ್ಬಳೇ ಸೋಲುವುದು. ಇಷ್ಟೆಲ್ಲ ಯೋಚನೆ ಮಾಡಿದೆ ಎನ್ನುವುದು ಈಗಿನ ಮಾತು. ಆಗ ಬಾಯಿಂದ ಬಂದದ್ದು, "ಸಾಕು ಕಣ್ರೀ, ಈಗ ನಾನು ಬತ್ತೀನಿ" ಎಂದು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಜೋರಾಗಿಯೇ ಹೇಳಿದೆ.

ಬಲಕ್ಕೆ ಸರಿದು ಮುಂದೆ ಹೋಗಿ ಎಡಕ್ಕೆ ಬಂದೆ. ಗಾಳಿ ಪೂರ್ತಿ ನನ್ನ ಎದೆಗೆ ಬಂತು.

ಆ ಹನ್ನೆರಡು ಕಿಲೋಮೀಟರನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಅವು ನನ್ನವು. ನಾಡಿ ನೂರ ಅರವತ್ತಾರು, ವೇಗ ಹದಿನೆಂಟು, ಒಮ್ಮೊಮ್ಮೆ ಇಪ್ಪತ್ತು. ಬೆಳಕು ಇಳಿಯಿತು, ದೀಪ ಹಾಕಿದೆ. ಕಣ್ಣಿನ ನೀರು ಕಿವಿಯವರೆಗೆ ಹೋಗುತ್ತಿತ್ತು. ಹಿಂದೆ ತಿರುಗಿ ನೋಡಲಿಲ್ಲ. ಗುಂಡಿ ಬಂದಾಗಲೆಲ್ಲ ಮಾತ್ರ ಎಡಗೈ ಇಳಿಸಿ ಬೆರಳಿನಿಂದ ತೋರಿಸಿದೆ, ಹಿಂದೆ ಬರುವವರಿಗೆ ತೋರಿಸುತ್ತೇವಲ್ಲ, ಹಾಗೆ. ಅಭ್ಯಾಸ ಅನ್ನಿ.

ಏಳು ಇಪ್ಪತ್ತಾರಕ್ಕೆ ಸೀಲು ಬಿತ್ತು. ನಾಲ್ಕು ನಿಮಿಷ ಉಳಿದಿತ್ತು. ಯಜಮಾನರು ಸ್ಕೂಟರಿನಲ್ಲಿ ಮೊದಲೇ ಬಂದು ಮುಟ್ಟಿದ್ದರು. ಎಲ್ಲರೂ ಚಪ್ಪಾಳೆ ಹೊಡೆದರು, ಯಾರೋ ನೀರು ಕೊಟ್ಟರು. ಆ ನಾಲ್ಕು ನಿಮಿಷ ಪೂರ್ತಿ ನಾನು ಕಾರ್ಡು ಹಿಡಿದುಕೊಂಡು ಬಂದ ದಾರಿಯನ್ನೇ ನೋಡುತ್ತಾ ನಿಂತಿದ್ದೆ. ಏಳೂವರೆ ಆಯಿತು. ಯಾರೂ ಬರಲಿಲ್ಲ.

ಎಂಟೂವರೆ ದಾಟಿದ ಮೇಲೆ ಚಿಕ್ಕಸ್ವಾಮಿ ಬಂದ, ಹೊತ್ತು ಮೀರಿತ್ತು. ಬೇಸರವೇನೂ ಮಾಡಿಕೊಳ್ಳದೆ ನನ್ನ ಸೈಕಲ್ಲನ್ನು ಎತ್ತಿ, ತಿರುಗಿಸಿ, ಅಡಿಯಲ್ಲೆಲ್ಲ ನೋಡಿ ಇಳಿಸಿದ. "ನಿಮ್ ಇಂದೆ ಬಂದ್ರೂ ಗಾಳಿ ನನ್ಗೆ ಒಡೀತಾನೇ ಇತ್ತು ಕನಕ್ಕ. ಅದ್ಯಾವ ಸೀಮೆ ಗಾಳಿಯೋ" ಎಂದ. ನಿಮ್ಮ ಮುಂದೆ ಯಾರನ್ನೂ ಕಾಣಲಿಲ್ಲ ಎಂದೂ ಹೇಳಿದ.

ಇದಾಗಿ ವರ್ಷಗಳಾದವು. ಕಬ್ಬಿನ ಮರೆ ಇದ್ದಿರಬೇಕು ಎಂದರು ಒಬ್ಬ ಮೇಷ್ಟ್ರು. ಹೋಗಿ ನೋಡಿದೆ, ಎರಡು ಕಡೆ ಬಿಟ್ಟರೆ ಉಳಿದದ್ದೆಲ್ಲ ಬಯಲು ಗದ್ದೆ. ಪ್ರತಿ ಆಷಾಢದಲ್ಲೂ ಅದೇ ದಾರಿಯಲ್ಲಿ ತುಳಿದಿದ್ದೇನೆ, ಪದಕಗಳೂ ಬಂದಿವೆ, ಗಾಳಿಯನ್ನು ನಾನೇ ಕುಡಿದಿದ್ದೇನೆ. ನಾಡಿಬಡಿತದ ದಾಖಲೆ ಕಂಪ್ಯೂಟರಿನಲ್ಲಿ ಹಾಗೇ ಇದೆ. ನೂರೈವತ್ತೆಂಟು, ನೂರಿಪ್ಪತ್ತೊಂದು, ನೂರ ಅರವತ್ತಾರು. ಮಧ್ಯದ ಸಂಖ್ಯೆಗೆ ಕಾರಣ ಬರೆಯುವ ಜಾಗವನ್ನು ನೋಟ್‌ಬುಕ್ಕಿನಲ್ಲಿ ಖಾಲಿ ಬಿಟ್ಟಿದ್ದೇನೆ.

ಆ ರಾತ್ರಿ ಮನೆಯಲ್ಲಿ ಯಜಮಾನರೇ ಅನ್ನಕ್ಕಿಟ್ಟು, ಟೊಮೆಟೊ ಗೊಜ್ಜು ಮಾಡಿದರು. ಹಪ್ಪಳ ಕರಿಯಲು ಹೋಗಿ ಎರಡನ್ನು ಸುಟ್ಟರು, ಆ ಎರಡನ್ನು ತಾವೇ ತಿಂದರು. ನಾನು ಮೂರು ಸಲ ಅನ್ನ ಹಾಕಿಸಿಕೊಂಡು ಮೇಲೆ ಗಟ್ಟಿ ಮೊಸರು ಸುರಿದುಕೊಂಡೆ. ಅವರು ಕಾರ್ಡಿನ ಮೇಲಿನ ಸೀಲುಗಳನ್ನು ಒಂದೊಂದಾಗಿ ಓದುತ್ತಾ, ಕನ್ನಡಕ ತೆಗೆಯುವುದನ್ನೂ ಮರೆತು ನನಗಿಂತ ಮೊದಲು ಮಲಗಿಬಿಟ್ಟರು.